ಏರಿಲ್ಲದ ಊರಿನ ಸೈಕಲ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾವ ಕಾಗದದಲ್ಲಾದರೂ ತಮ್ಮ ಹೆಸರು ಕಂಡರೆ ಅವರು ಮೊದಲು ಕೆಳಗಿನ ಸಹಿ ಯಾರದೆಂದು ನೋಡುತ್ತಿದ್ದರು, ಆಮೇಲೆ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡುತ್ತಿದ್ದರು. ಕ್ರಿಸ್ಮಸ್ ಕಾರ್ಡ್ ಬಂದರೂ ಹಾಗೆಯೇ. ತೀರಿಕೊಂಡು ವರ್ಷವಾಗುತ್ತ ಬಂದವರನ್ನು ಮತ್ತೊಮ್ಮೆ ಹೆದರಿಸಲು ನನಗೆ ಮನಸ್ಸಿಲ್ಲ.

ಎಂ.ಎಸ್ಸಿ. ಮುಗಿಸಿ ದೋಹಾದ ಚಿಕ್ಕಮ್ಮನ ಮನೆಗೆ ಬಂದ ನನಗೆ ಮೊದಲು ಸಿಕ್ಕ ಕೆಲಸ ಕಟ್ಟಡ ಸಾಮಗ್ರಿ ತರಿಸಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ. ಅಲ್ಲಿ ಅವರು ಹಿರಿಯ ಗುಮಾಸ್ತರು. ಉಡುಪಿ ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ, ನನ್ನೊಡನೆ ಊರಿನ ಕನ್ನಡ. ಹೆಂಡತಿ ಮತ್ತು ಒಬ್ಬಳೇ ಮಗಳು ಊರಿನಲ್ಲಿದ್ದರು. ಅಲ್ ಹಿಲಾಲ್ ಬಡಾವಣೆಯಲ್ಲಿ ಚಿಕ್ಕಮ್ಮನ ಮನೆಯ ಹಿಂದಿನ ಬೀದಿಯಲ್ಲೇ ಅವರ ಕೋಣೆ. ಚಿಕ್ಕಪ್ಪ ಅವರನ್ನು ಚಹಾಕ್ಕೆ ಕರೆದು, ಹುಡುಗಿಯನ್ನು ದಿನವೂ ಕಾರಿನಲ್ಲಿ ಕರೆದುಕೊಂಡು ಹೋಗಿ ಬರಲಾದೀತೇ ಎಂದು ಕೇಳಿದರು. ಅವರು ತಕ್ಷಣ ಒಪ್ಪಿದರು. ಒಪ್ಪಿದ ಮರುಗಳಿಗೆಯಿಂದ ಹೆದರತೊಡಗಿದರು.

ನಾನು ಹಿಂದಿನ ಸೀಟಿನಲ್ಲಿ, ಬಲಬದಿಯ ಕಿಟಕಿಗೆ ಅಂಟಿಕೊಂಡು, ಹೊರಗಿನವರಿಗೆ ಸರಿಯಾಗಿ ಕಾಣುವಂತೆ ಕೂರಬೇಕಿತ್ತು. ಅಡಗಿ ಕೂತರೆ ಸಂಶಯ ಬರುತ್ತದೆ ಎನ್ನುವುದು ಅವರ ಲೆಕ್ಕ. ಮಡಿಲಲ್ಲಿ ಕಚೇರಿಯ ಒಂದು ಫೈಲ್ ಇರಬೇಕು. ನಂಟಿಲ್ಲದ ಗಂಡು ಹೆಣ್ಣು ಒಂದೇ ಕಾರಿನಲ್ಲೇಕೆ ಎಂದು ಪೊಲೀಸರು ಕೇಳಿದರೆ 'ಅಂಕಲ್' ಎನ್ನಬೇಕು. ಆ ಫೈಲಿನೊಳಗೆ ಖಾಲಿ ಹಾಳೆಗಳಿದ್ದವು. ಯಾವ ಪೊಲೀಸನೂ ನಮ್ಮನ್ನು ಎಂದೂ ತಡೆದು ನಿಲ್ಲಿಸಲಿಲ್ಲ. ಆದರೂ ಸಿಗ್ನಲಿನಲ್ಲಿ ಕಾರು ನಿಂತಾಗಲೆಲ್ಲ ಅವರ ಬಲಗೈ ಎದೆಯ ಜೇಬಿಗೆ ಹೋಗಿ ಪತಾಕವನ್ನು ಮುಟ್ಟಿ ಬರುತ್ತಿತ್ತು. ಅಲ್ಲಿ ಕೆಲಸಕ್ಕಿರುವವರ ಗುರುತಿನ ಚೀಟಿಗೆ ನಾವೆಲ್ಲ ಹೇಳುತ್ತಿದ್ದ ಹೆಸರು ಅದು. ಅದಿಲ್ಲದೆ ಬೀದಿಗೆ ಇಳಿಯುವ ಹಾಗಿಲ್ಲ. ಕೆಲವೇ ವಾರಗಳಲ್ಲಿ ಹಿಂದಿನ ಸೀಟಿನಲ್ಲಿ ನನ್ನ ಕೈಯೂ ಚೀಲದೊಳಗೆ ಹೋಗಿ ನನ್ನ ಪತಾಕವನ್ನು ಮುಟ್ಟತೊಡಗಿತು. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂದು ನಾನು ಕಲಿತದ್ದು ಆ ಕಾರಿನಲ್ಲಿ.

ಶುಕ್ರವಾರಗಳಂದು ಅವರು ಮೀನಿನ ಸಾರು ಮಾಡಿ ಚಿಕ್ಕಮ್ಮನ ಮನೆಗೂ ಒಂದು ಪಾತ್ರೆಯಲ್ಲಿ ತಂದು ಕೊಡುತ್ತಿದ್ದರು. ಚಿಕ್ಕಮ್ಮನ ಮಕ್ಕಳು ಸಣ್ಣವರು. ಆ ಸಾರಿನ ಮೀನಿನಲ್ಲಿ ಒಂದು ಮುಳ್ಳೂ ಇರುತ್ತಿರಲಿಲ್ಲ. ಬೇಯಿಸಿದ ಮೀನಿನ ಮುಳ್ಳನ್ನೆಲ್ಲ ಬೆರಳಿನಲ್ಲಿ ಹುಡುಕಿ ತೆಗೆದು, ಮತ್ತೆ ಸಾರಿಗೆ ಹಾಕಿ ಕುದಿಸುತ್ತಿದ್ದರಂತೆ. ಹೀಗೆ ಮಾಡಿದರೆ ಮೀನು ಮೀನಾಗಿ ಉಳಿಯುವುದಿಲ್ಲ ಎಂದು ಚಿಕ್ಕಮ್ಮ ನಗುತ್ತಿದ್ದರು. ಮಕ್ಕಳ ಗಂಟಲು, ಹೇಳಲಿಕ್ಕಾಗುವುದಿಲ್ಲ ಎಂದು ಅವರು ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ಅವರು ಹೆದರುತ್ತಿದ್ದದ್ದು ತಮಗಾಗಿ ಮಾತ್ರವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಕಚೇರಿಯಲ್ಲಿ ಅವರ ಹೆದರಿಕೆಗೆ ಒಂದು ನೆಲೆಯಿತ್ತು. ಅದು ಮಾಲೀಕರ ಕೋಣೆಯ ಬೂದು ಬಣ್ಣದ ಕಬ್ಬಿಣದ ಕಪಾಟು. ನಮ್ಮೆಲ್ಲರ ಪಾಸ್‌ಪೋರ್ಟುಗಳು ಅದರೊಳಗಿದ್ದವು. ರಜೆಯಲ್ಲಿ ಊರಿಗೆ ಹೋಗಬೇಕೆಂದರೆ ಆ ಕಪಾಟು ತೆರೆಯಬೇಕು. ದೇಶ ಬಿಟ್ಟು ಹೊರಡುವ ಅನುಮತಿಯ ಕಾಗದಕ್ಕೆ ಸಹಿಯಾಗಬೇಕು. ಆ ಕಾಗದಕ್ಕೆ ಎಕ್ಸಿಟ್ ಎನ್ನುತ್ತಿದ್ದೆವು. ಮಾಲೀಕರನ್ನು ಎಲ್ಲರೂ ಅರಬಾಬ್ ಎಂದೇ ಕರೆಯುತ್ತಿದ್ದರು. ವಯಸ್ಸಾದವರು, ಮೆಲುದನಿಯವರು. ಅವರು ಯಾರ ಎಕ್ಸಿಟನ್ನೂ ತಡೆದದ್ದು ನನಗೆ ಗೊತ್ತಿಲ್ಲ. ಆದರೆ ಬೇರೆ ಯಾವುದೋ ಕಂಪನಿಯಲ್ಲಿ, ಯಾರಿಗೋ ಸಹಿ ತಡವಾಗಿ ತಾಯಿಯ ಮಣ್ಣಿಗೆ ಹೋಗಲಾಗದ ಕಥೆಯೊಂದು ನಮ್ಮ ಗುಮಾಸ್ತರ ಬಳಿ ಇತ್ತು. ಅದನ್ನು ಅವರು ಪಿಸುದನಿಯಲ್ಲಿ ಹೇಳುತ್ತಿದ್ದರು, ಆ ಕಪಾಟಿಗೆ ಕಿವಿಯಿದೆಯೋ ಎಂಬಂತೆ.

ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಅರಬಾಬ್ ನನ್ನ ಮೇಜಿನ ಬಳಿ ನಿಂತು ಏನಕ್ಕೋ ಸಹಿ ಹಾಕಿದರು. ಅವರ ಪೆನ್ನು ಕಡುಹಸಿರು, ಕೊರಳಿಗೆ ಬೆಳ್ಳಿಯ ಪಟ್ಟಿ. ತುಂಬ ಚೆನ್ನಾಗಿದೆ ಎಂದೆ, ಮಾತಿಗೆ ಮಾತು ಎಂಬಂತೆ. ಅವರು ಮುಚ್ಚಳ ಹಾಕಿ ಪೆನ್ನನ್ನು ನನ್ನ ಕಡೆ ಚಾಚಿ, ತಗೊಳ್ಳಿ, ಇದು ನಿಮ್ಮದು ಎಂದರು. ನನ್ನ ಕೈ ಮೇಜಿನಿಂದ ಮೇಲೆದ್ದಿತ್ತು. ಅಷ್ಟರಲ್ಲಿ ಹಿಂದಿನ ಮೇಜಿನಿಂದ ನಮ್ಮ ಗುಮಾಸ್ತರು ಎದ್ದು ಬಂದು, ಎದೆಯ ಮೇಲೆ ಕೈಯಿಟ್ಟು, ಅದು ನಿಮ್ಮ ಕೈಯಲ್ಲೇ ಚೆಂದ ಸರ್ ಎಂದರು. ಅರಬಾಬ್ ಮತ್ತೊಮ್ಮೆ ಚಾಚಿದರು. ಇವರು ಮತ್ತೊಮ್ಮೆ ತಲೆಬಾಗಿ ಬೇಡವೆಂದರು. ಪೆನ್ನು ಜೇಬಿಗೆ ಮರಳಿತು, ಇಬ್ಬರ ಮುಖದಲ್ಲೂ ಏನೋ ಸರಿಯಾಗಿ ಮುಗಿದ ನೆಮ್ಮದಿ.

ಸಂಜೆ ಕಾರಿನಲ್ಲಿ ಪಾಠವಾಯಿತು.

"ಅವರದ್ದು ಯಾವುದನ್ನೂ ಹೊಗಳ್ಲಿಕ್ಕೆ ಹೋಗ್ಬೇಡ ಮಗಾ. ಹೊಗಳಿದ್ರೆ ಕೊಡ್ತೇನೆ ಅಂತ ಹೇಳ್ಲೇಬೇಕು, ಅದು ಅವರ ಮರ್ಯಾದೆ. ಬೇಡ ಅಂತ ಹೇಳ್ಲೇಬೇಕು, ಅದು ನಮ್ಮ ಮರ್ಯಾದೆ."

"ತಗೊಂಡ್ರೆ ಎಂತ ಆಗ್ತದೆ?"

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ತಗೊಂಡವರನ್ನು ನಾನು ನೋಡ್ಲಿಲ್ಲ," ಎಂದರು. ಆ ದನಿಯಲ್ಲಿ, ತೆಗೆದುಕೊಂಡವರು ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲವೇನೋ ಎನ್ನಿಸುವಂತಿತ್ತು.

ಮರುವರ್ಷ ಅರಬಾಬರ ಮಗ ಅಮೆರಿಕದಲ್ಲಿ ಓದು ಮುಗಿಸಿ ಬಂದ. ಮುದುಕರು ಕಚೇರಿಯನ್ನೂ ಕಪಾಟಿನ ಬೀಗದ ಕೈಯನ್ನೂ ಅವನಿಗೆ ಒಪ್ಪಿಸಿ ಮನೆಯಲ್ಲುಳಿದರು. ನಾವು ಅವನನ್ನು ಸರ್ ಎನ್ನುತ್ತಿದ್ದೆವು. ಆದರೆ ನಮ್ಮ ಗುಮಾಸ್ತರಿಗೆ ಅವನು ಬೇರೆಯೇ. ಚಿಕ್ಕಂದಿನಲ್ಲಿ ತಂದೆಯ ಜೊತೆ ಕಚೇರಿಗೆ ಬಂದಾಗ ಅವನು ಕೂರುತ್ತಿದ್ದದ್ದು ಇವರ ಮೇಜಿನ ಮೇಲೆ. ಆಡುತ್ತಿದ್ದದ್ದು ಇವರ ಸ್ಟೇಪ್ಲರಿನಲ್ಲಿ. ಬೆರಳಿಗೆ ಚುಚ್ಚೀತೆಂದು ಪಿನ್ನುಗಳನ್ನು ತೆಗೆದಿಟ್ಟು ಖಾಲಿ ಸ್ಟೇಪ್ಲರ್ ಕೊಡುತ್ತಿದ್ದೆ ಎಂದು ಅವರು ನನಗೆ ಹೇಳಿದ್ದರು.

ಮಗ ಬರುವಾಗ ಒಂದು ಸೈಕಲ್ ತಂದಿದ್ದ. ದಪ್ಪ ಟೈರಿನ, ನೀಲಿ ಬಣ್ಣದ ಮೌಂಟೇನ್ ಬೈಕ್. ಮನೆಯಲ್ಲಿ ತಾಯಿಗೆ ಅದು ಸರಿಬರಲಿಲ್ಲವಂತೆ. ದೊಡ್ಡ ಮನೆತನದ ಮಗ ಕೂಲಿಯವರ ಹಾಗೆ ಸೈಕಲ್ ತುಳಿಯುವುದೇ ಎಂದು. ಹಾಗಾಗಿ ಅದು ನಮ್ಮ ಕಚೇರಿಯೊಳಗಿನ ಓಣಿಗೆ, ಕೋಣೆಗಳ ನಡುವಿನ ಹಾದಿಗೆ, ಬಂದು ನಿಂತಿತು. ಬೇಸಿಗೆಗೆ ಅವನು ಡಿಸೆಂಬರಿನವರೆಗೆಂದು ಪರದೇಶಕ್ಕೆ ಹೊರಡುವಾಗ ಇವರ ಭುಜ ತಟ್ಟಿ, ನಾನು ಬರುವವರೆಗೆ ನೀವು ಇದನ್ನು ನೋಡಿಕೊಳ್ಳಿ ಎಂದ. ಅವನ ಮಟ್ಟಿಗೆ ಅದು ಹೋಗುವ ಹೊತ್ತಿನ ಒಂದು ಮಾತು. ಇವರಿಗೆ ಅಂದಿನಿಂದ ನಿದ್ದೆ ಹೋಯಿತು.

ಮೌಂಟೇನ್ ಬೈಕ್ ಎಂದರೆ ಗುಡ್ಡ ಹತ್ತುವ ಸೈಕಲ್ ಎಂದು ನಾನು ಬಿಡಿಸಿ ಹೇಳಿದಾಗ ಅವರು ಕಿಟಕಿಯ ಬಳಿ ಹೋಗಿ ಹೊರಗೆ ನೋಡಿದರು. ಕಣ್ಣು ಹೋಗುವಷ್ಟು ದೂರ ನೆಲ ಚಪಾತಿ ಲಟ್ಟಿಸಿದ ಹಾಗಿತ್ತು.

"ಗುಡ್ಡ ಎಲ್ಲುಂಟು?" ಎಂದರು.

ದಿನವೂ ಬೆಳಿಗ್ಗೆ ಬಂದು ಮೊದಲು ಸೈಕಲ್ಲಿನ ಮೇಲೆ ಹೊದಿಸಿದ ಬೆಡ್‌ಶೀಟ್ ತೆಗೆಯುವರು. ಬಟ್ಟೆಯಿಂದ ಮರಳಿನ ಪುಡಿ ಒರೆಸುವರು. ಮತ್ತೆ ಹೊದಿಸುವರು. ಕಚೇರಿಯಲ್ಲಿ ಚಹಾ ಮಾಡುತ್ತಿದ್ದವರು ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಮುಸಲ್ಮಾನರು. ನಾವೆಲ್ಲ ಕಾಕ ಎನ್ನುತ್ತಿದ್ದೆವು. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಅವರು ಇವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದರು. "ಪೊರ್ಬುಗಳೇ, ಕುದುರೆಗೆ ಹುಲ್ಲು ಹಾಕಿ ಆಯ್ತಾ?" ಎನ್ನುವುದು ಕಾಕನ ದಿನದ ಮೊದಲ ಮಾತು. ಇವರು ನಗುತ್ತಿದ್ದರು, ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ. ನಗುವಿಗೂ ಸಾಕ್ಷಿ ಬೇಡ ಎಂಬಂತೆ.

ಆ ವರ್ಷವೇ ಅವರ ಮಗಳ ಮದುವೆ ಗೊತ್ತಾಯಿತು. ಜನವರಿಯ ಮೊದಲ ವಾರ. ಕಾರಿನಲ್ಲಿ ಅವರ ಮಾತೆಲ್ಲ ಅದೇ. ಮದುವೆಗಿಂತ ಹೆಚ್ಚಾಗಿ ಹಿಂದಿನ ದಿನದ ರೋಸ್. ಆ ಸಂಜೆ ಮದುಮಗಳನ್ನು ಪೀಠದ ಮೇಲೆ ಕೂರಿಸಿ ತಲೆಗೆ ಎಣ್ಣೆ ಮತ್ತು ತೆಂಗಿನಹಾಲು ಹಾಕುತ್ತಾರೆ. ಮೊದಲ ಕೈ ಅಪ್ಪ ಅಮ್ಮನದು. ಅವಳು ಮಗುವಾಗಿದ್ದಾಗಿನಿಂದ ಅವರು ದೋಹಾದಲ್ಲೇ. ಅವಳ ಶಾಲೆ, ಕಾಲೇಜು, ಜ್ವರ, ಬಹುಮಾನ, ಯಾವುದಕ್ಕೂ ಅವರು ಎದುರಿಗಿರಲಿಲ್ಲ. ಈ ಒಂದಕ್ಕೆ ಇರಬೇಕು. ಅದರಲ್ಲೂ ಒಂದು ಹೆದರಿಕೆ ಅವರಿಗೆ ಸಿಕ್ಕಿಬಿಟ್ಟಿತ್ತು. ಕೈ ನಡುಗಿ ಹಾಲು ಮಗಳ ಕಣ್ಣಿಗೆ ಹೋದರೆ?

ಎಕ್ಸಿಟ್ ಕಾಗದವನ್ನು ಅವರು ಎಷ್ಟೋ ಮೊದಲೇ ಟೈಪು ಮಾಡಿ ಮಗನ ಮೇಜಿನ ಮೇಲಿಟ್ಟರು. ಅವನು ಡಿಸೆಂಬರಿನಲ್ಲಿ ಬಂದವನೇ ಸಹಿ ಹಾಕಿದರೆ ಆಯಿತು.

ನವೆಂಬರಿನಲ್ಲಿ ಒಂದು ವಾರ ಗಾಳಿ ಜೋರಾಯಿತು. ಓಣಿಯ ಬಾಗಿಲು ಬಡಿದಾಗಲೆಲ್ಲ ಸೈಕಲ್ ಒಮ್ಮೆ ಅಲುಗುತ್ತಿತ್ತು. ಬಿದ್ದರೆ ಗತಿಯೇನೆಂದು ಅವರು ಪಾರ್ಸೆಲ್ ಕಟ್ಟುವ ನೈಲಾನ್ ಹಗ್ಗ ತಂದು ಅದನ್ನು ಕಿಟಕಿಯ ಸರಳಿಗೆ ಕಟ್ಟಿದರು. ಹಗ್ಗ ಸಿಕ್ಕಿಸಲು ಅನುಕೂಲವಾಗಿ ಕಂಡದ್ದು ಬಲಗೈ ಹಿಡಿಯ ಕೆಳಗಿದ್ದ ಒಂದು ಸಣ್ಣ ಸನ್ನೆ. ಸನ್ನೆ ಎಂದರೆ ಲಿವರ್, ಹೆಬ್ಬೆರಳಿನಿಂದ ಒತ್ತಿ ಗೇರ್ ಬದಲಾಯಿಸುವಂಥದು. ಗಂಟನ್ನು ಬಿಗಿಮಾಡಲು ಅವರು ಜೋರಾಗಿ ಎಳೆದರು.

ನಾನು ಜೆರಾಕ್ಸ್ ಮಾಡಿಕೊಂಡು ಬರುತ್ತಿದ್ದೆ. ಟಕ್ ಎಂಬ ಸದ್ದು ಕೇಳಿತು. ಓಣಿಯಲ್ಲಿ ಅವರು ಅಂಗೈ ತೆರೆದು ನಿಂತಿದ್ದರು. ಅಂಗೈಯಲ್ಲಿ ಬುಡಸಮೇತ ಮುರಿದ ಸನ್ನೆ, ಕಿತ್ತ ಹಲ್ಲಿನ ಹಾಗೆ. ಅವರ ಮುಖದಲ್ಲಿ ಅಂಥ ಬಣ್ಣವನ್ನು ನಾನು ಮೊದಲು ನೋಡಿರಲಿಲ್ಲ. ಏನಾದರೂ ಹೇಳಬೇಕೆಂದುಕೊಂಡೆ. ಅವರು ಬೆಡ್‌ಶೀಟ್ ಹೊದಿಸಿ, ಅಂಚುಗಳನ್ನು ಸರಿಮಾಡಿ, ನನ್ನ ಕಡೆ ನೋಡದೆ, "ನೀನು ನೋಡ್ಲಿಲ್ಲ. ಆಯ್ತಾ ಮಗಾ?" ಎಂದರು.

ಆಯಿತು ಎಂದೆ. ಸಹಿ ಹಾಕಬೇಕಾದವನ ವಸ್ತುವನ್ನೇ ಅವರು ಮುರಿದಿದ್ದರು. ಒಂದು ಸನ್ನೆ ಮುರಿದದ್ದಕ್ಕೆ ಯಾರೂ ಎಕ್ಸಿಟ್ ತಡೆಯುವುದಿಲ್ಲ ಎಂದು ನನ್ನ ಓದಿದ ಬುದ್ಧಿ ಹೇಳುತ್ತಿತ್ತು. ತಡೆದರೆ ಕೇಳುವವರು ಯಾರೂ ಇಲ್ಲ ಎಂದೂ ಅದೇ ಬುದ್ಧಿ ಹೇಳುತ್ತಿತ್ತು.

ಮರುದಿನ ಸಂಜೆಯಿಂದ ನಾವು ಮನೆಗೆ ನೇರ ಹೋಗುವುದನ್ನು ಬಿಟ್ಟೆವು. ಕಚೇರಿಯಲ್ಲಿ ಕೆಲಸ ಹೆಚ್ಚೆಂದು ಚಿಕ್ಕಮ್ಮನಿಗೆ ಅವರೇ ಹೇಳಿದರು, ಹೇಳಿ ಶಿಲುಬೆಯ ಗುರುತು ಮಾಡಿಕೊಂಡರು. ಪಕ್ಕದ ಬಡಾವಣೆ ನಜ್ಮಾದ ಓಣಿಗಳಲ್ಲಿ ಸೈಕಲ್ ಅಂಗಡಿಗಳಿಗೆ ಬರವಿಲ್ಲ. ಆದರೆ ಅವೆಲ್ಲ ಕೂಲಿಯವರು ತುಳಿಯುವ ಗೇರಿಲ್ಲದ ಸೈಕಲ್ಲುಗಳ ಅಂಗಡಿಗಳು. ಮುರಿದ ಸನ್ನೆಯನ್ನು ಕರವಸ್ತ್ರದಿಂದ ಬಿಡಿಸಿ ತೋರಿಸಿದರೆ ಒಬ್ಬೊಬ್ಬರೂ ತಿರುಗಿಸಿ ನೋಡಿ, ಮಾಫಿ, ಇಲ್ಲ, ಎಂದು ಕೈಯಾಡಿಸುತ್ತಿದ್ದರು. ಸೂಕ್ ವಾಕಿಫ್ ಪೇಟೆಯ ಬಳಿಯ ಒಂದು ದೊಡ್ಡ ಅಂಗಡಿಯಲ್ಲಿ ಇಡೀ ಸೈಕಲ್ ಇತ್ತು, ಬಿಡಿಭಾಗವಿರಲಿಲ್ಲ. ದುಬೈಯಿಂದ ತರಿಸಬೇಕು, ಹೊಸ ವರ್ಷ ಕಳೆದ ಮೇಲೆ ಬರಬಹುದು ಎಂದರು.

ಕೊನೆಗೆ ನಜ್ಮಾದಲ್ಲೇ, ಎರಡು ದರ್ಜಿ ಅಂಗಡಿಗಳ ನಡುವೆ, ಒಬ್ಬ ಮಲಯಾಳಿ ಮೆಕ್ಯಾನಿಕ್ ಸಿಕ್ಕಿದ. ಊರು ಬಿಟ್ಟು ಹೋದ ಯಾವುದೋ ಯುರೋಪಿನ ಕುಟುಂಬದ ಹಳೆಯ ಗೇರ್ ಸೈಕಲ್ ಅವನ ಗುಜರಿಯಲ್ಲಿತ್ತು. ಅದರ ಸನ್ನೆ ಚೆನ್ನಾಗಿತ್ತು. ಒಂದು ಶುಕ್ರವಾರ ಕಚೇರಿಗೆ ರಜೆಯಿದ್ದಾಗ ಅವರು ನೀಲಿ ಸೈಕಲ್ಲನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಅರ್ಧ ಹೊರಚಾಚುವಂತೆ ಕಟ್ಟಿ ತಂದರು. ನಾನೂ ಹೋದೆ. ಮಡಿಲಲ್ಲಿ ಫೈಲ್ ಇತ್ತು.

ಮೆಕ್ಯಾನಿಕ್ ಹ್ಯಾಂಡಲಿನ ರಬ್ಬರಿನೊಳಗೆ ಸೋಪಿನ ನೀರು ಬಿಟ್ಟು ಅದನ್ನು ಜಾರಿಸಿ ತೆಗೆದ. ಮುರಿದ ಡಬ್ಬಿಯನ್ನು ಕಳಚಿ ಹಳೆಯದನ್ನು ತೊಡಿಸಿದ. ಹೊಸ ತಂತಿ ಪೋಣಿಸಿ, ಹಿಂದಿನ ಚಕ್ರದವರೆಗೆ ಎಳೆದು, ಬಿಗಿ ಮಾಡಿದ. ಗುಮಾಸ್ತರು ಕೆಲಸದ ಕಡೆ ಒಮ್ಮೆಯೂ ನೋಡಲಿಲ್ಲ. ಅಂಗಡಿಯ ಬಾಗಿಲಲ್ಲಿ ಓಣಿಯ ಕಡೆ ಮುಖ ಮಾಡಿ ಕಾವಲು ನಿಂತಿದ್ದರು. ಹಾಗಾಗಿ ತೊಡಕು ಮೊದಲು ತಿಳಿದದ್ದು ನನಗೆ. ಚಕ್ರದ ನಡುವೆ ಎಂಟು ಹಲ್ಲುಗಾಲಿಗಳಿದ್ದವು, ಚಿಕ್ಕದರಿಂದ ದೊಡ್ಡದಕ್ಕೆ. ಹಳೆಯ ಸನ್ನೆಯಲ್ಲಿದ್ದದ್ದು ಏಳೇ ಹೆಜ್ಜೆ. ಚೈನ್ ಏಳನೆಯದರ ಮೇಲೆ ಹೋಗಿ ನಿಂತುಬಿಡುತ್ತಿತ್ತು. ಎಲ್ಲಕ್ಕಿಂತ ದೊಡ್ಡದನ್ನು ಮುಟ್ಟುತ್ತಲೇ ಇರಲಿಲ್ಲ.

ಯಾವುದಾದರೂ ಒಂದನ್ನು ಬಿಡಲೇಬೇಕು, ಏರಿಗೆ ಬೇಕಾಗುವ ದೊಡ್ಡದನ್ನು ಬಿಟ್ಟಿದ್ದೇನೆ ಎಂದ ಮೆಕ್ಯಾನಿಕ್. ಅಳತೆ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಆ ತುದಿಯಲ್ಲಿ ತುಂಬ ಬಲ ಹಾಕಿ ತುಳಿದರೆ ಚೈನ್ ಜಾರಲೂಬಹುದು. ಇವರ ಮುಖ ನೋಡಿ ನಕ್ಕು, "ಇವಿಡೆ ಎವಿಡೆಯಾ ಮಲ?" ಎಂದ. ಇಲ್ಲಿ ಮಲೆ ಎಲ್ಲಿದೆ? ಅವರೇ ಕೇಳಿದ್ದ ಪ್ರಶ್ನೆ. ಅವರಿಗೆ ಉಸಿರು ಬಂತು. ಹಳೆಯ ಸನ್ನೆಯ ಮೇಲೆ ಏಳರವರೆಗೆ ಅಂಕಿ ತೋರಿಸುವ ಸಣ್ಣ ಕಿಂಡಿಯಿತ್ತು. ಅದರ ಮೇಲೆ ಕರಿಯ ಟೇಪು ಅಂಟಿಸಲು ಅವರು ಹೇಳಿದರು. ಏರಿಲ್ಲದ ಊರಿನಲ್ಲಿ ಆ ಒಂದು ಗೇರ್ ಇಲ್ಲವೆಂದು ಯಾರಿಗೂ ತಿಳಿಯುವುದಿಲ್ಲ.

ಡಿಸೆಂಬರಿನಲ್ಲಿ ಮಗ ಬಂದ. ಬೆಡ್‌ಶೀಟ್ ತೆಗೆದು, ಹೊಳೆಯುವ ಸೈಕಲ್ ನೋಡಿ, ಹೊಸದರ ಹಾಗೇ ಇಟ್ಟಿದ್ದೀರಲ್ಲ ಎಂದು ಇವರನ್ನು ಮೆಚ್ಚಿದ. ಸನ್ನೆಯ ಕಡೆ ಅವನ ಕಣ್ಣು ಹೋಗಲಿಲ್ಲ. ಒಳಗೆ ಹೋಗಿ ಕೂತು, ಎಕ್ಸಿಟ್ ಕಾಗದವನ್ನು ಎಳೆದುಕೊಂಡು, ಮದುವೆ ಯಾವಾಗ ಎಂದು ಕೇಳುತ್ತ ಪೆನ್ನಿನ ಮುಚ್ಚಳ ತೆಗೆದ. ತಂದೆಯ ಅದೇ ಹಸಿರು ಪೆನ್ನು. ಗುಮಾಸ್ತರು ಮೇಜಿನ ಮುಂದೆ, ನಾನು ಪತ್ರಗಳ ಕಟ್ಟು ಹಿಡಿದು ಬಾಗಿಲಲ್ಲಿ, ಕಾಕ ಚಹಾದ ತಟ್ಟೆಯೊಂದಿಗೆ ನನ್ನ ಪಕ್ಕದಲ್ಲಿ.

ಆಗ ಅವನು ಸಹಿಯ ಜಾಗದ ಮೇಲೆ ಪೆನ್ನನ್ನು ಹಿಡಿದುಕೊಂಡೇ ಹೇಳಿದ. ನಾಳೆ ಬೆಳಿಗ್ಗೆ ಗೆಳೆಯರ ಜೊತೆ ಒಮಾನಿಗೆ ಹೊರಡುತ್ತಿದ್ದೇನೆ. ಸೈಕಲ್ ಜೀಪಿನ ಮೇಲೆ. ಪಾಪ, ಕೊನೆಗೂ ಅದು ತನ್ನ ಬೆಟ್ಟವನ್ನು ನೋಡುತ್ತದೆ. ಜೇಬಿನಿಂದ ಒಂದು ಫೋಟೋ ತೆಗೆದು ಇವರ ಮುಂದಿಟ್ಟ. ನಾನು ನಿಂತಲ್ಲಿಂದಲೂ ಕಾಣುತ್ತಿತ್ತು. ಬೋಳು ಕಲ್ಲಿನ ಬೆಟ್ಟ, ಅದರ ಮೈಯಲ್ಲಿ ಗೀರು ಎಳೆದಂಥ ದಾರಿ, ದಾರಿಯ ಒಂದು ಬದಿಗೆ ಏನೂ ಇಲ್ಲ.

ಗುಮಾಸ್ತರು ಆ ಏನೂ ಇಲ್ಲದ ಬದಿಯನ್ನು ನೋಡುತ್ತಿದ್ದರು. ಅವರ ಬಲಗೈ ಮೆಲ್ಲನೆ ಎದ್ದು ಜೇಬಿನ ಪತಾಕದ ಮೇಲೆ ನಿಂತಿತು. ಈಗ ಹೇಳುತ್ತಾರೆ ಎಂದುಕೊಂಡೆ.

"ಸರ್," ಎಂದರು. "ಈ ಸೈಕಲ್, ಸರ್."

ಅವನು ತಲೆಯೆತ್ತಿದ.

"ತುಂಬ ಚೆಂದದ ಸೈಕಲ್, ಸರ್."

ಮಗ ನಕ್ಕ. ಕಲಿಸಿಕೊಟ್ಟ ಮರ್ಯಾದೆ ಅವನಲ್ಲಿ ಅಮೆರಿಕದಲ್ಲೂ ಮಾಸಿರಲಿಲ್ಲ. ಪೆನ್ನು ಹಿಡಿದ ಕೈಯನ್ನೇ ಓಣಿಯ ಕಡೆ ಚಾಚಿ, ಅದು ನಿಮ್ಮದು, ತಗೊಳ್ಳಿ ಎಂದ. ಹೇಳಿ ಕಾದ. ಎದೆಯ ಮೇಲಿನ ಕೈ, ಬಾಗುವ ತಲೆ, ಅದು ನಿಮ್ಮಲ್ಲೇ ಚೆಂದ ಎಂಬ ಮಾತು. ಎಲ್ಲರೂ ಅದಕ್ಕೇ ಕಾದೆವು. ಕೈ ಎದೆಯ ಮೇಲೆಯೇ ಇತ್ತು.

"ಥ್ಯಾಂಕ್ಯೂ ಸರ್," ಎಂದರು ಅವರು. "ನಾನು ತಗೊಳ್ತೇನೆ."

ಮೆಟ್ಟಿಲು ಇದೆಯೆಂದು ಕಾಲಿಟ್ಟು ಮೆಟ್ಟಿಲು ಸಿಗದವನ ಮುಖದ ಹಾಗಾಯಿತು ಅವನ ಮುಖ. ಸಿಟ್ಟಲ್ಲ. ಚಿಕ್ಕಂದಿನಿಂದ ನೋಡಿದ ಒಬ್ಬ ಮನುಷ್ಯನನ್ನು ಮೊದಲ ಸಲ ನೋಡುತ್ತಿರುವ ಬಗೆ. ಪೆನ್ನಿಗೆ ಮುಚ್ಚಳ ಹಾಕಿದ. ಮಬ್ರೂಕ್, ಶುಭವಾಗಲಿ, ಎಂದ, ಎದ್ದ, ಚಹಾ ಮುಟ್ಟದೆ ಇಳಿದು ಹೋದ. ಕಾಗದ ಮೇಜಿನ ಮೇಲೆಯೇ ಉಳಿಯಿತು. ಸಹಿಯನ್ನು ಅವನು ಮರೆತನೋ ಬೇಕೆಂದೇ ಬಿಟ್ಟನೋ ನನಗೆ ಇಂದಿಗೂ ತಿಳಿಯದು.

ಸಂಜೆ ಕಾರಿನಲ್ಲಿ ನಾನು ಮೊದಲ ಬಾರಿ ಕೇಳಬಾರದ್ದನ್ನು ಕೇಳಿದೆ. ನಿಜವನ್ನೇ ಹೇಳಬಹುದಿತ್ತಲ್ಲ ಎಂದೆ.

"ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ಮಗಾ," ಎಂದರು. "ಕೇಳ್ಲಿಕ್ಕೆ ಬಂತು."

ಮುಂದಿನ ಸಿಗ್ನಲಿನಲ್ಲಿ, "ಇನ್ನು ಅವ ಆ ಸೈಕಲ್ ಹತ್ತೂದಿಲ್ಲ. ಅಷ್ಟು ಸಾಕು," ಎಂದರು.

ಒಮಾನಿಗೆ ಹೋದವನು ಹೇಳಿದ ದಿನಕ್ಕೆ ಬರಲಿಲ್ಲ. ಮುದುಕರ ಮನೆಗೆ ಹೋಗಿ ಕೇಳಿ ಎಂದೆ. ಸೈಕಲ್ ಕಸಿದುಕೊಂಡವನು ಯಾವ ಮುಖದಲ್ಲಿ ಹೋಗಲಿ ಎಂದರು. ವಿಷಯ ಕಚೇರಿಯಿಂದ ಗೋದಾಮಿಗೆ, ಗೋದಾಮಿನಿಂದ ಅಲ್ ಹಿಲಾಲ್‌ಗೆ ಹಬ್ಬಿತು. ಇಷ್ಟು ವರ್ಷ ಮರ್ಯಾದಸ್ಥ ಎಂದುಕೊಂಡಿದ್ದೆವು, ಮದುವೆ ಹತ್ತಿರ ಬಂದಾಗ ಆಸೆ ಹೊರಬಿತ್ತು ಎಂದರು. ಚಿಕ್ಕಪ್ಪನೂ ಒಂದು ದಿನ, ನಿನ್ನ ಅಂಕಲ್‌ಗೆ ಈ ವಯಸ್ಸಿನಲ್ಲಿ ಸೈಕಲ್ ಯಾಕಂತೆ ಎಂದು ಕೇಳಿದರು. ಕಾಕ ಬೆಳಗಿನ ಕುದುರೆಯ ಮಾತನ್ನು ಬಿಟ್ಟರು. ಬದಲಿಗೆ, "ಪೊರ್ಬುಗಳೇ, ಮಗಳಿಗೆ ಚಿನ್ನ ಬೇಡವಾ, ಸೈಕಲ್ ಸಾಕಾ?" ಎಂದರು. ಅವರು ಬಾಯಿಗೆ ಕೈ ಅಡ್ಡ ಹಿಡಿದರು, ನಗುತ್ತಿರುವ ಹಾಗೆ. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿದೆ.

ಕ್ರಿಸ್ಮಸ್ ಆಯಿತು. ಹೊಸ ವರ್ಷವೂ ಆಯಿತು. ಓಣಿಯಲ್ಲಿ ಸೈಕಲ್ ಬೆಡ್‌ಶೀಟ್ ಹೊದ್ದು ನಿಂತೇ ಇತ್ತು. ಅದು ಈಗ ಅವರದಾದರೂ ದಿನವೂ ಒರೆಸುವುದನ್ನು ಅವರು ಬಿಡಲಿಲ್ಲ.

ಮದುವೆಗೆ ಇನ್ನೇನು ಎನ್ನುವಾಗ ಮಗ ಬಂದ, ಬಿಸಿಲಿಗೆ ಕಪ್ಪಾಗಿ, ಮೈಯಲ್ಲಿ ಒಂದು ಗೀರೂ ಇಲ್ಲದೆ. ಕಾಗದ ನೋಡಿ ಸಹಿ ಹಾಕಿದ, ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟ. ನಿಮ್ಮ ಸೈಕಲ್ಲನ್ನೂ ಇಲ್ಲಿಂದ ಒಯ್ಯಿರಿ ಎಂದ. ಬೇರೆ ಮಾತಿರಲಿಲ್ಲ. ರಜೆಯ ಕಾಲ, ವಿಮಾನದಲ್ಲಿ ಜಾಗವಿಲ್ಲ. ಹೇಗೋ ಬೊಂಬಾಯಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕೂತು, ಅವರು ಮದುವೆಯ ಬೆಳಿಗ್ಗೆ ನೇರ ಇಗರ್ಜಿಗೆ ತಲುಪಿದರಂತೆ. ಹಿಂದಿನ ಸಂಜೆ ಮಗಳ ತಲೆಗೆ ತೆಂಗಿನಹಾಲು ಹಾಕಿದ್ದು ಅವರ ಅಣ್ಣ.

ರಜೆ ಮುಗಿಸಿ ಬಂದ ಮೇಲೆ ಅವರು ಅದರ ಬಗ್ಗೆ ಒಂದೇ ಮಾತು ಹೇಳಿದರು. ಅಣ್ಣನ ಕೈ ನಡುಗಲಿಲ್ಲವಂತೆ, ಒಳ್ಳೆಯದೇ ಆಯಿತು ಎಂದು. ಸೈಕಲ್ಲನ್ನು ಕಾರ್ಗೋದಲ್ಲಿ ಊರಿಗೆ ಕಳಿಸಿದರು. ಆಮೇಲೆಯೂ ಕೆಲವು ವರ್ಷ ನಾನು ಹಿಂದಿನ ಸೀಟಿನಲ್ಲಿ ಕೂತೆ, ಶುಕ್ರವಾರ ಮುಳ್ಳಿಲ್ಲದ ಮೀನು ಬಂತು. ಅರಬಾಬರ ಮಗನೂ ಇವರೂ ಕೆಲಸದ ಮಾತನ್ನಷ್ಟೇ ಆಡಿದರು. ಸ್ಟೇಪ್ಲರಿನ ಕಥೆಯನ್ನು ಅವರು ಮತ್ತೆ ಹೇಳಲಿಲ್ಲ. ನಿವೃತ್ತರಾಗಿ ಊರಿಗೆ ಹೋದರು. ಹೋಗಿ ಬಹಳ ಕಾಲ ಬಾಳಲಿಲ್ಲ.

ಸುದ್ದಿ ತಿಳಿದ ಮೇಲಿನ ರಜೆಯಲ್ಲಿ ನಾನು ಅವರ ಮನೆಗೆ ಹೋದೆ. ಬಸ್ಸಿಳಿದು ಒಂದು ಕಡಿದಾದ ಏರು ಹತ್ತಬೇಕು. ನಡುವೆ ನಿಂತು ಉಸಿರು ತೆಗೆದುಕೊಂಡೆ. ಗುಡ್ಡ ಎಲ್ಲುಂಟು ಎಂದು ಕೇಳಿದ ಮನುಷ್ಯ ತಮ್ಮ ಮನೆ ಗುಡ್ಡದ ಮೇಲೆಯೇ ಇದೆ ಎಂದು ನನಗೆ ಹೇಳಿರಲಿಲ್ಲ.

ಅವರ ಹೆಂಡತಿ ಒಳಗೆ ಮಲಗಿದ್ದರು. ಮಗಳು ಶರಬತ್ತು ತಂದುಕೊಟ್ಟು ಎದುರಿಗೆ ಕೂತಳು. ಅಪ್ಪನದೇ ಹಣೆ. ಜಗಲಿಯ ಮೂಲೆಯಲ್ಲಿ ನೀಲಿ ಸೈಕಲ್ ನಿಂತಿತ್ತು. ನನ್ನ ನೋಟ ಅತ್ತ ಹೋದದ್ದನ್ನು ಅವಳು ಕಂಡಳು.

"ನೀವು ಪಪ್ಪನ ಆಫೀಸಿನಲ್ಲೇ ಇದ್ದವರಲ್ವಾ," ಎಂದಳು. "ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ಅವರು ಆ ಸೈಕಲ್ ಬಾಯಿ ಬಿಟ್ಟು ಕೇಳಿ ತಗೊಂಡ್ರಂತೆ. ಅದಕ್ಕೇ ರಜೆ ತಡ ಆದದ್ದಂತೆ. ದೋಹಾದಿಂದ ಬಂದವರೊಬ್ಬರು ಹೇಳಿದ್ರು. ನನ್ನ ರೋಸಿಗೆ ಅವರು ಬರ್ಲಿಲ್ಲ. ಒಂದು ಸೈಕಲ್‌ಗೋಸ್ಕರವಾ?"

ಅವಳ ದನಿ ಏರಲಿಲ್ಲ. ಆ ಪ್ರಶ್ನೆಯನ್ನು ಅವಳು ಅಪ್ಪನಿಗೆ ಒಮ್ಮೆಯೂ ಕೇಳಿರಲಿಲ್ಲ ಎಂದು ನನಗೆ ಗೊತ್ತಾಯಿತು. ನೀನು ನೋಡಲಿಲ್ಲ ಎಂದು ಅವರು ನನ್ನಿಂದ ಪಡೆದ ಒಪ್ಪಿಗೆ ನನ್ನ ನಾಲಿಗೆಯ ಮೇಲೆ ಇತ್ತು. ಇದನ್ನು ಮುರಿದರೆ ಅವರು ಹೆದರುತ್ತಾರೆಯೇ ಎಂದು ಯೋಚಿಸಿದೆ. ಸತ್ತವರು ಹೆದರುವುದಿಲ್ಲ ಎಂದು ಧೈರ್ಯ ತಂದುಕೊಂಡೆ.

ಎದ್ದು ಹೋಗಿ ಸೈಕಲ್ಲಿನ ಹಿಂಬದಿಯನ್ನು ನೆಲದಿಂದ ಎತ್ತಿ ಹಿಡಿದೆ. ಒಂದು ಕೈಯಿಂದ ಪೆಡಲ್ ತಿರುಗಿಸುತ್ತ ಬಲಗೈ ಹಿಡಿಯ ಕೆಳಗಿನ ಸನ್ನೆ ಒತ್ತಲು ಅವಳಿಗೆ ಹೇಳಿದೆ. ಕಿಂಡಿಯ ಮೇಲೆ ಕರಿಯ ಟೇಪು ಹಾಗೇ ಇತ್ತು. ಅವಳು ಒತ್ತಿದಂತೆಲ್ಲ ಚೈನ್ ಚಿಕ್ಕ ಹಲ್ಲುಗಾಲಿಯಿಂದ ದೊಡ್ಡದಕ್ಕೆ ಒಂದೊಂದಾಗಿ ಹತ್ತಿತು. ಏಳನೆಯದರ ಮೇಲೆ ನಿಂತಿತು. ಅವಳು ಮತ್ತೆ ಒತ್ತಿದಳು. ಸನ್ನೆ ಮಿಸುಕಲಿಲ್ಲ. ಚೈನ್ ಓಡಾಡಿದ ಏಳೂ ಹಲ್ಲುಗಾಲಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಎಂಟನೆಯದು, ಎಲ್ಲಕ್ಕಿಂತ ದೊಡ್ಡದು, ಕರಾವಳಿಯ ಗಾಳಿಗೆ ಕೆಂಪಗೆ ತುಕ್ಕು ಹಿಡಿದಿತ್ತು.

"ಇದರ ಮೇಲೆ ಯಾಕೆ ಹೋಗೂದಿಲ್ಲ?" ಎಂದಳು.

ಹೇಳಿದೆ. ಮೊದಲಿನಿಂದ, ನೈಲಾನ್ ಹಗ್ಗದಿಂದ ಹಿಡಿದು, ಏನನ್ನೂ ಬಿಡದೆ. ನಾನು ಅಷ್ಟು ಉದ್ದ ಮಾತನಾಡಿದ್ದು ಕಡಿಮೆ. ಅವಳು ಕೆಳಗೆ ಕೂತು ಕೇಳಿದಳು. ಮುಗಿದ ಮೇಲೆ ಆ ತುಕ್ಕಿನ ಹಲ್ಲುಗಾಲಿಯ ಮೇಲೆ ಬೆರಳಿಟ್ಟಳು.

"ಕೆಳಗಿನ ರಸ್ತೆಯಲ್ಲಿ ತುಳೀತಿದ್ರು, ಈ ಏರಿನಲ್ಲಿ ಒಂದು ದಿನವೂ ಇದರ ಮೇಲೆ ಕೂತವರಲ್ಲ," ಎಂದಳು. "ಇಗರ್ಜಿಯಿಂದ ಬರುವಾಗ ದೂಡಿಕೊಂಡೇ ಹತ್ತೂದು. ನನ್ನ ಗಂಡ ಒಮ್ಮೆ ಕೂತದ್ದಕ್ಕೆ ಓಡಿ ಬಂದು ಇಳಿಸಿದ್ರು. ಅಷ್ಟು ಪ್ರೀತಿಯ ಸೈಕಲ್, ಯಾರೂ ಮುಟ್ಟಬಾರದು ಅಂತ ನಾವು ನೆನೆಸಿದ್ದು."

ಹೊರಡುವಾಗ ಅವಳು ಬಸ್ಸಿನವರೆಗೆ ಬರುತ್ತೇನೆಂದಳು. ಬೇಡವೆಂದರೂ ಕೇಳಲಿಲ್ಲ. ಇಳಿಜಾರು ಶುರುವಾಗುತ್ತಲೇ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಬೆರಳ ತುದಿಯಲ್ಲಿದ್ದ ತುಕ್ಕು ನನ್ನ ತೋಳಿಗೆ ಹತ್ತಿತು.

"ನೋಡಿ ಕಾಲಿಡಿ," ಎಂದಳು. "ಇಲ್ಲಿ ಕಲ್ಲು ಜಾರ್ತದೆ. ಬಿದ್ರೆ ಕಷ್ಟ."

ಕೆಳಗಿನ ರಸ್ತೆ ಮುಟ್ಟುವವರೆಗೂ ಅವಳು ಕೈ ಬಿಡಲಿಲ್ಲ.